ಕಬ್ಬಿಣ ಕೊಪ್ಪಳದ್ದು, ನಕ್ಷೆ ಯಾರದು?

ಕುಷ್ಟಗಿಗೆ ರೈಲು ಬಂದದ್ದು 2025ರ ಮೇ 15ರಂದು. ಗದಗ–ವಾಡಿ ನಡುವಿನ 257 ಕಿಲೋಮೀಟರ್ ಯೋಜನೆಯಲ್ಲಿ ತಳಕಲ್‌ನಿಂದ ಕುಷ್ಟಗಿವರೆಗಿನ ತುಂಡು ಮುಗಿದು, ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣ ಅಂದು ಹುಬ್ಬಳ್ಳಿ ರೈಲಿಗೆ ಹಸಿರು ನಿಶಾನೆ ತೋರಿದರು. ಕುಕನೂರು, ಯಲಬುರ್ಗಾದವರಿಗೂ ತಮ್ಮೂರಲ್ಲೇ ರೈಲು ಹತ್ತುವ ಯೋಗ ಬಂತು. ಗಂಗಾವತಿ ಕಾದದ್ದು ಇನ್ನೂ ಹೆಚ್ಚು. ಮುನಿರಾಬಾದ್–ಮಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997–98ರಲ್ಲಿ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದೂ 1997ರಲ್ಲೇ. ಜಿಲ್ಲೆಗೆ ಇಪ್ಪತ್ತೆರಡು ತುಂಬುವ ಹೊತ್ತಿಗೆ, 2019ರಲ್ಲಿ, ಗಂಗಾವತಿಯಲ್ಲಿ ರೈಲು ನಿಂತಿತು. ಈಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಹಳೆಯ ತಾಲ್ಲೂಕು ಕೇಂದ್ರಗಳಿಗೆ ಹಳಿ ಮುಟ್ಟಿದೆ. ಮೂರು ದಶಕ ಮನವಿಪತ್ರ ಕೊಟ್ಟು, ಧರಣಿ ಕೂತು ಪಡೆದದ್ದು ಇದು. ಇನ್ನು ಮುಂದಿನ ಬೇಡಿಕೆ ಏನಿರಬೇಕು ಎಂಬುದು ನನ್ನ ಪ್ರಶ್ನೆ. ಇನ್ನೊಂದು ರೈಲು, ಇನ್ನೊಂದು ನಿಲುಗಡೆ, ಲಿಂಗಸುಗೂರಿನವರೆಗೆ ಬೇಗ ಕಾಮಗಾರಿ, ಇವೆಲ್ಲ ಬೇಕು. ಆದರೆ ರೈಲು ಕಟ್ಟುವ ಉದ್ಯಮದಲ್ಲಿ, ಅದರಲ್ಲೂ ಆ ಉದ್ಯಮದ ಎಂಜಿನಿಯರಿಂಗ್ ಕೆಲಸದಲ್ಲಿ ಈ ಜಿಲ್ಲೆಗೆ ಪಾಲು ಬೇಕು ಎಂದು ಕೇಳುವ ಕಾಲ ಬಂದಿದೆ. ಶಂಕುಸ್ಥಾಪನೆಯ ಕಲ್ಲು ಕೇಳುವುದಕ್ಕಿಂತ ನಕ್ಷೆ ಬರೆಯುವ ಮೇಜನ್ನು ಕೇಳುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ವಾದ.

ರೈಲು ಸಲಕರಣೆ ತಯಾರಿಸುವ ಕಂಪನಿಗಳು ಈಗ ಎಂಜಿನಿಯರುಗಳ ಬೇಟೆಯಲ್ಲಿವೆ. ಮೆಟ್ರೊ, ವಂದೇ ಭಾರತ್, ಕವಚ್ ಎಂಬ ಅಪಘಾತ ತಡೆ ವ್ಯವಸ್ಥೆ, ಹೊಸ ವಿದ್ಯುತ್ ಎಂಜಿನ್‌ಗಳು ಎಲ್ಲವೂ ಒಟ್ಟಿಗೆ ಬಂದಿರುವುದರಿಂದ ಹತ್ತು ವರ್ಷದ ಹಿಂದೆ ಇಲ್ಲದಷ್ಟು ಕೆಲಸ ಇದೆ. ಕರ್ನಾಟಕದಲ್ಲಿ ಇದರ ಮುಖ್ಯ ಉದಾಹರಣೆ ಬೆಂಗಳೂರಿನ ಬಿಇಎಂಎಲ್. ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ರೈಲು ಬೋಗಿ ವಿಭಾಗದಿಂದ 1964ರಲ್ಲಿ ಹುಟ್ಟಿದ ಈ ಸಾರ್ವಜನಿಕ ಸಂಸ್ಥೆ 2024ರ ಸೆಪ್ಟೆಂಬರ್ 1ರಂದು ವಂದೇ ಭಾರತ್ ಸ್ಲೀಪರ್ ರೈಲಿನ ಮೊದಲ ಮಾದರಿಯನ್ನು ತೋರಿಸಿತು. ಮರು ತಿಂಗಳೇ ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಿಂದ, ಗಂಟೆಗೆ 280 ಕಿ.ಮೀ. ವೇಗಕ್ಕೆ ವಿನ್ಯಾಸಗೊಳ್ಳಬೇಕಾದ ಎರಡು ರೈಲುಗಳಿಗೆ 866.87 ಕೋಟಿ ರೂಪಾಯಿಯ ಆದೇಶ ಪಡೆಯಿತು. ಫ್ರಾನ್ಸಿನ ಆಲ್‌ಸ್ಟಾಮ್, ಅಮೆರಿಕದ ವ್ಯಾಬ್‌ಟೆಕ್ ಕೂಡ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರ ಇಟ್ಟುಕೊಂಡಿವೆ. ಆಲ್‌ಸ್ಟಾಮ್ ಎಂಜಿನ್ ಜೋಡಿಸುವುದು ಬಿಹಾರದ ಮಧೇಪುರದಲ್ಲಿ, ಬೋಗಿ ಕಟ್ಟುವುದು ಆಂಧ್ರದ ಶ್ರೀಸಿಟಿಯಲ್ಲಿ. ವ್ಯಾಬ್‌ಟೆಕ್‌ನ ಡೀಸೆಲ್ ಎಂಜಿನ್ ಜೋಡಣೆ ಬಿಹಾರದ ಮರ್ಹೌರಾದಲ್ಲಿ. ಬಿಇಎಂಎಲ್ ಕೂಡ ತನ್ನ ಹೊಸ ರೈಲು ಕಾರ್ಖಾನೆಗೆ ಆರಿಸಿಕೊಂಡದ್ದು ಮಧ್ಯಪ್ರದೇಶದ ರಾಯ್‌ಸೇನ್ ಜಿಲ್ಲೆಯ ಉಮರಿಯಾವನ್ನು. ಸುಮಾರು 1,800 ಕೋಟಿ ರೂಪಾಯಿಯ ಆ ಯೋಜನೆಗೆ 2025ರ ಆಗಸ್ಟ್ 10ರಂದು ಭೂಮಿಪೂಜೆ ಆಯಿತು. ಇದರಿಂದ ಒಂದು ಸಂಗತಿ ಸ್ಪಷ್ಟ. ಜೋಡಣೆಯ ಶೆಡ್ಡು ಜಾಗ ಅಗ್ಗವಾದ ಕಡೆ, ರಾಜ್ಯ ಸರ್ಕಾರ ಬಾಗಿಲು ತೆರೆದ ಕಡೆ ಹೋಗುತ್ತದೆ. ವಿನ್ಯಾಸ, ಲೆಕ್ಕಾಚಾರ, ಪರೀಕ್ಷೆಯ ಕೆಲಸ ಎಂಜಿನಿಯರುಗಳು ನೆಲೆಯೂರಿದ ಕಡೆಯೇ ಉಳಿಯುತ್ತದೆ, ವರ್ಷದಿಂದ ವರ್ಷಕ್ಕೆ ಅಲ್ಲೇ ಬೆಳೆಯುತ್ತದೆ.

ಇದರಲ್ಲಿ ಕೊಪ್ಪಳಕ್ಕೇನು ಹಕ್ಕು ಎಂದು ಕೇಳುವವರು ಹೊಸಪೇಟೆಯಿಂದ ಗದಗಿನ ಕಡೆ ರೈಲಿನಲ್ಲಿ ಹೊರಟು ಕಿಟಕಿಯಾಚೆ ನೋಡಬೇಕು. ತುಂಗಭದ್ರೆ ದಾಟಿದ ಮೇಲೆ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್, ಗಿಣಿಗೇರಾದಲ್ಲಿ ಕಲ್ಯಾಣಿ ಮತ್ತು ಮುಕುಂದ ಸೇರಿ ನಡೆಸುವ ಹೊಸಪೇಟೆ ಸ್ಟೀಲ್ಸ್, ಹಾಲವರ್ತಿಯ ಕಾರ್ಖಾನೆ, ಹಿರೇಬಗನಾಳ–ಅಲ್ಲಾನಗರದ ಸುತ್ತ ಮೆದುಕಬ್ಬಿಣದ ಹಲವು ಘಟಕಗಳು. ಸಂಡೂರಿನ ಅದಿರು, ತುಂಗಭದ್ರೆಯ ನೀರು, ಹಳೆಯ ಗುಂತಕಲ್–ಹುಬ್ಬಳ್ಳಿ ಹಳಿ ಮೂರೂ ಕೂಡುವ ಜಾಗ ಇದು. ಬೇವಿನಹಳ್ಳಿಯಲ್ಲಿ ಊದುಕುಲುಮೆಯ ಬೀಡುಕಬ್ಬಿಣವನ್ನು ಎರಕ ಹೊಯ್ದು ಟ್ರ್ಯಾಕ್ಟರ್ ಎಂಜಿನ್ನಿನ ಸಿಲಿಂಡರ್ ಬ್ಲಾಕ್ ಮಾಡುತ್ತಾರೆ. ಸಿಲಿಂಡರ್ ಬ್ಲಾಕ್ ಸಾಮಾನ್ಯ ಎರಕವಲ್ಲ. ಒಳಗೆ ನೀರು ಹರಿಯುವ ಸಣ್ಣ ಕಾಲುವೆಗಳಿರುತ್ತವೆ. ಮರಳಿನ ಅಚ್ಚಿನಲ್ಲಿ ಕೂದಲೆಳೆಯಷ್ಟು ತಪ್ಪಾದರೂ ಮಾಲು ತಿರಸ್ಕಾರ. ಗಿಣಿಗೇರಾದ ಮಿಶ್ರಲೋಹದ ಉಕ್ಕು ವಾಹನ ಉದ್ಯಮದ ಬಿಡಿಭಾಗಗಳಿಗೆ ಹೋಗುತ್ತದೆ. ಕಬ್ಬಿಣ ಕರಗಿಸುವುದಷ್ಟೇ ಅಲ್ಲದೆ ಅದನ್ನು ಅಳತೆಗೆ ತರುವ ಕೈಗಳೂ ಜಿಲ್ಲೆಯಲ್ಲಿ ಮೂರು ದಶಕದಿಂದ ಇವೆ ಎಂದಾಯಿತು. ಇಲ್ಲಿ ತಯಾರಾದದ್ದರಲ್ಲಿ ರೈಲಿನ ಪಾಲು ಏಕೆ ಕಡಿಮೆ ಎಂದರೆ, ರೈಲಿಗೆ ಮಾಲು ಕೊಡಬೇಕಾದರೆ ಲಖನೌದ ಆರ್‌ಡಿಎಸ್‌ಒ ಸಂಸ್ಥೆಯ ಅನುಮೋದನೆ ಬೇಕು. ಆ ಅನುಮೋದನೆಗೆ ಕುಲುಮೆ ಇದ್ದರೆ ಸಾಲದು. ವಿಧಾನಪತ್ರ, ಪರೀಕ್ಷಾ ದಾಖಲೆ, ಲೋಹದ ಒಳಗನ್ನು ಧ್ವನಿತರಂಗದಿಂದ ನೋಡಬಲ್ಲ ಪ್ರಯೋಗಾಲಯ, ಅವಕ್ಕೆಲ್ಲ ಹೊಣೆಯಾಗಿ ಸಹಿ ಹಾಕುವ ಎಂಜಿನಿಯರು, ಇಷ್ಟೂ ಬೇಕು.

ಬೆಂಗಳೂರಿನ ಯಲಹಂಕದ ರೈಲು ಗಾಲಿ ಕಾರ್ಖಾನೆಯನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. 1984ರಲ್ಲಿ ಆರಂಭವಾದ ಆ ಕಾರ್ಖಾನೆಯಲ್ಲಿ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುತ್ತಾರೆ. ಕರಗಿದ ಉಕ್ಕನ್ನು ಮೇಲಿಂದ ಸುರಿಯುವುದಿಲ್ಲ. ಗ್ರಾಫೈಟ್ ಅಚ್ಚನ್ನು ಮೇಲಿಟ್ಟು, ಕೆಳಗಿನ ಪಾತ್ರೆಗೆ ಗಾಳಿಯ ಒತ್ತಡ ಕೊಟ್ಟಾಗ ಉಕ್ಕು ಸೆರಾಮಿಕ್ ಕೊಳವೆಯ ಮೂಲಕ ನಿಧಾನಕ್ಕೆ ಏರಿ ಅಚ್ಚು ತುಂಬುತ್ತದೆ. ಗಾಳಿಗುಳ್ಳೆ, ಕಿಟ್ಟ ಒಳಸೇರುವುದು ಇದರಿಂದ ತಪ್ಪುತ್ತದೆ. ಆಮೇಲೆ ಗಾಲಿಯನ್ನು ಮತ್ತೆ ಕಾಯಿಸಿ, ಹಳಿ ತಾಗುವ ಅಂಚನ್ನು ನೀರು ಚಿಮುಕಿಸಿ ಗಟ್ಟಿ ಮಾಡಿ, ಬಿರುಕು ಹುಡುಕಿ, ತೂಕದ ಸಮತೋಲ ನೋಡುತ್ತಾರೆ. ಗುಜರಿಗೂ ಗಾಲಿಗೂ ನಡುವೆ ಇರುವುದೆಲ್ಲ ಎಂಜಿನಿಯರಿಂಗ್. ಕಿಲೋ ಲೆಕ್ಕದಲ್ಲಿ ಮಾರಾಟವಾಗುವ ಲೋಹಕ್ಕೂ, ಒಂದೊಂದಕ್ಕೂ ಸಂಖ್ಯೆ ಒತ್ತಿ ಪ್ರಯಾಣಿಕರ ಜೀವದ ಹೊಣೆ ಹೊರಿಸುವ ಗಾಲಿಗೂ ಇರುವ ಬೆಲೆಯ ಅಂತರ ಆ ಕೆಲಸದ ಬೆಲೆ. ಕೊಪ್ಪಳ ಇಷ್ಟು ದಿನ ಮಾರಿದ್ದು ಹೆಚ್ಚಾಗಿ ಲೋಹವನ್ನು. ಅದರ ಹೊಗೆ ಮಾತ್ರ ಇಲ್ಲೇ ಉಳಿದುಕೊಂಡಿದೆ.

ಕೈಚಳಕ ಇಲ್ಲಿದೆ, ನಕ್ಷೆ ಹೊರಗಿನಿಂದ ಬರುತ್ತದೆ ಎಂಬ ಮಾತಿಗೆ ಇತ್ತೀಚಿನ ಸಾಕ್ಷಿ ತುಂಗಭದ್ರಾ ಅಣೆಕಟ್ಟೆಯಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಕ್ರಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಗದ್ದೆಗಳ ನೀರೆಲ್ಲ ನದಿಗೆ ಹರಿಯತೊಡಗಿತು. ಹಿರಿಯ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದು ಕಟ್ಟೆಯ ಮೇಲೆ ನಿಂತು ಲೆಕ್ಕ ಹಾಕಿದರು. ಹೊಸಪೇಟೆ, ತೋರಣಗಲ್ಲು ಸುತ್ತಿನ ಕಾರ್ಖಾನೆಗಳಲ್ಲಿ ಹಗಲಿರುಳು ಪ್ಲೇಟು ಕತ್ತರಿಸಿ, ಬೆಸೆದು, ತಡೆಹಲಗೆಗಳನ್ನು ತಯಾರಿಸಿದರು. ಒಂದು ವಾರದೊಳಗೆ, ನೀರು ರಭಸದಿಂದ ಹರಿಯುತ್ತಿರುವಾಗಲೇ, ಹಲಗೆ ಇಳಿಸಿ ಬಾಯಿ ಮುಚ್ಚಿದರು. ಅಂಥ ಕೆಲಸವನ್ನು ಅಷ್ಟು ಬೇಗ ಮಾಡಿಮುಗಿಸಿದ ಬೆಸುಗೆಗಾರರು, ಫಿಟ್ಟರುಗಳು, ಕ್ರೇನ್ ಚಾಲಕರು ಇರುವ ಸೀಮೆಯನ್ನು ಕುಶಲತೆ ಇಲ್ಲದ ಸೀಮೆ ಎಂದು ಕರೆಯುವುದು ಅನ್ಯಾಯ. ಆದರೆ ಆ ಹೊತ್ತಿನಲ್ಲಿ ತೀರ್ಮಾನ ಹೇಳಬಲ್ಲವರಿಗಾಗಿ ನಾವು ಹೊರಗೆ ನೋಡಬೇಕಾಯಿತು ಎಂಬುದೂ ನಿಜ. ನನಗೆ ಕೊರಗು ಇರುವುದು ಇಲ್ಲಿ. ಗಂಗಾವತಿಯ ರಸ್ತೆಬದಿಯ ವರ್ಕ್‌ಶಾಪಿನಲ್ಲಿ ಕೆಸರುಗದ್ದೆ ಉಳುವ ಟ್ರ್ಯಾಕ್ಟರಿಗೆ ಕೇಜ್‌ವೀಲ್ ಬೆಸೆಯುವ ಹುಡುಗನಿಗೆ ಕೈ ಪಳಗಿದೆ. ಪಟ್ಟಿ ಎಷ್ಟು ದಪ್ಪ ಇರಬೇಕು, ಯಾವ ಕೋನದಲ್ಲಿ ಕೂಡಿಸಿದರೆ ಹೆಂಟೆಗೆ ಬಾಗುವುದಿಲ್ಲ ಎಂಬುದು ಅವನಿಗೆ ರೂಢಿಯಿಂದ ಗೊತ್ತು. ರೈಲಿನ ಚೌಕಟ್ಟಿನಲ್ಲಿ ಅದೇ ಬೆಸುಗೆ ಎಷ್ಟು ಲಕ್ಷ ಸಲ ಅಲುಗಿದರೆ ಬಿರುಕು ಬಿಡುತ್ತದೆ ಎಂದು ಲೆಕ್ಕ ಹಾಕಿ ಕಾಗದದ ಮೇಲೆ ಇಡುವ ವಿದ್ಯೆ ಅವನಿಗೂ ಅವನ ತಮ್ಮನಿಗೂ ಸಿಗುವ ಹಾದಿ ಮಾತ್ರ ಈ ಜಿಲ್ಲೆಯಲ್ಲಿ ಇಲ್ಲ.

ಕಾರ್ಖಾನೆ ಬರಲಿ, ಎಂಜಿನಿಯರಿಂಗ್ ತಾನಾಗಿ ಹಿಂಬಾಲಿಸುತ್ತದೆ ಎಂಬ ನಂಬಿಕೆ ನಮ್ಮ ರಾಜಕಾರಣದಲ್ಲಿ ಗಟ್ಟಿಯಾಗಿ ಬೇರೂರಿದೆ. ಅನುಭವ ಬೇರೆಯೇ ಹೇಳುತ್ತದೆ. ಕೋಲಾರದ ಶ್ರೀನಿವಾಸಪುರ ತಾಲ್ಲೂಕಿಗೆ 2014ರಲ್ಲಿ ಬೋಗಿ ಕಾರ್ಖಾನೆಯ ಭರವಸೆ ಬಂತು, ಕಲ್ಲೂ ಬಿತ್ತು, ಕಾರ್ಖಾನೆ ಮೇಲೇಳಲಿಲ್ಲ. ಯಾದಗಿರಿಯ ಕಡೇಚೂರಿನಲ್ಲಿ ಬೋಗಿಯ ಕೆಳಗಿನ ಗಾಲಿ ಚೌಕಟ್ಟು ತಯಾರಿಸುವ ರೈಲ್ವೆ ಘಟಕ 2017ರಲ್ಲಿ ಕೆಲಸ ಆರಂಭಿಸಿತು. ಕಲ್ಯಾಣ ಕರ್ನಾಟಕಕ್ಕೆ ಅದು ಹೆಮ್ಮೆಯ ವಿಷಯವೇ. ಆದರೆ ಅದರ ಸುತ್ತ ರೈಲು ಬಿಡಿಭಾಗಗಳ ಉದ್ಯಮ ಹಬ್ಬಲಿಲ್ಲ. ಮೂರು ಸಾವಿರ ಎಕರೆಗೂ ಹೆಚ್ಚು ವಿಸ್ತಾರದ ಆ ಕೈಗಾರಿಕಾ ಪ್ರದೇಶದಿಂದ ಈಗ ಹೆಚ್ಚು ಕೇಳಿಬರುವುದು ರಾಸಾಯನಿಕ ಘಟಕಗಳ ದುರ್ವಾಸನೆಯ ದೂರು. ಹೈದರಾಬಾದಿನ ಮೇಧಾ ಸರ್ವೊ ಡ್ರೈವ್ಸ್ ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂತು. 1984ರಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿಯಾಗಿ ಶುರುವಾಗಿ, ರೈಲು ಎಂಜಿನ್ನುಗಳ ನಿಯಂತ್ರಣ ಸಾಧನಗಳನ್ನು ತಾನೇ ವಿನ್ಯಾಸ ಮಾಡುತ್ತ ಬೆಳೆದು, ಮೊದಲ ವಂದೇ ಭಾರತ್ ರೈಲಿಗೆ ಚಾಲನಾ ವ್ಯವಸ್ಥೆ ಕೊಟ್ಟಿತು. ಬೋಗಿ ಕಾರ್ಖಾನೆ ಎದ್ದದ್ದು ಕೊನೆಗೆ, 2023ರಲ್ಲಿ, ರಂಗಾರೆಡ್ಡಿ ಜಿಲ್ಲೆಯ ಕೊಂಡಕಲ್‌ನಲ್ಲಿ. ಕವಚ್ ವ್ಯವಸ್ಥೆಯನ್ನು ಆರ್‌ಡಿಎಸ್‌ಒ ಜೊತೆ ಮೊದಲು ರೂಪಿಸಿದ ಮೂರು ಕಂಪನಿಗಳಾದ ಮೇಧಾ, ಎಚ್‌ಬಿಎಲ್, ಕರ್ನೆಕ್ಸ್ ಮೂರೂ ಹೈದರಾಬಾದಿನವು. ಕೊಪ್ಪಳದಿಂದ ಹೈದರಾಬಾದ್ ಏನು ಬಹಳ ದೂರದ ಊರಲ್ಲ. ಒಂದು ಕಾಲಕ್ಕೆ ನಮ್ಮ ರಾಜಧಾನಿಯೇ ಆಗಿತ್ತು.

ಇನ್ನೂ ಹತ್ತಿರದ ಉದಾಹರಣೆ ಜಿಲ್ಲೆಯ ಒಳಗೇ ಇದೆ. ಕುಕನೂರು ತಾಲ್ಲೂಕಿನ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಅಡಿಗಲ್ಲು ಇಟ್ಟ ಏಕಸ್ ಕಂಪನಿಯ ಮೂಲ ಹುಡುಕುತ್ತ ಹೋದರೆ ಬೆಳಗಾವಿ ಜಿಲ್ಲೆಯ ಹತ್ತರಗಿ ಸಿಗುತ್ತದೆ. ಅಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗಿ ಏರ್‌ಬಸ್‌ಗೆ ಹೋಗುತ್ತವೆ. ಅದಕ್ಕೂ ಹಿಂದೆ ಇರುವುದು 1997ರಲ್ಲಿ ಹುಟ್ಟಿದ ಕ್ವೆಸ್ಟ್ ಎಂಬ ಎಂಜಿನಿಯರಿಂಗ್ ಸೇವಾ ಕಂಪನಿ. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಅರವಿಂದ ಮೆಳ್ಳಿಗೇರಿ ಅವರೇ ಮುಂದೆ ಏಕಸ್ ಸ್ಥಾಪಿಸಿದರು. ಬೇರೆಯವರ ಯಂತ್ರಗಳಿಗೆ ಲೆಕ್ಕ, ನಕ್ಷೆ ಮಾಡಿಕೊಡುವ ಕೆಲಸ ಮೊದಲು. ಲೋಹ ಕೊರೆಯುವ ಯಂತ್ರ ಆಮೇಲೆ. ವಿಮಾನದ ಭಾಗ ಅದರ ನಂತರ. ಆ ಕಾರ್ಖಾನೆ ಎದ್ದದ್ದು ಬೆಳಗಾವಿಯಲ್ಲಿ, ಬೆಂಗಳೂರಿನಲ್ಲಲ್ಲ. ಬೆಳಗಾವಿಗೆ ಉದ್ಯಮಬಾಗದ ಫೌಂಡ್ರಿಗಳಿದ್ದವು, ಹಳೆಯ ಎಂಜಿನಿಯರಿಂಗ್ ಕಾಲೇಜುಗಳಿದ್ದವು. ಫೌಂಡ್ರಿ ವಿಷಯದಲ್ಲಿ ಕೊಪ್ಪಳ ಯಾರಿಗೂ ಕಡಿಮೆಯಿಲ್ಲ. ಕಾಲೇಜಿನ ವಿಷಯಕ್ಕೆ ಬಂದರೆ ತಕರಾರು ಶುರುವಾಗುತ್ತದೆ.

ಆ ತಕರಾರು ಹಗುರವಾದದ್ದಲ್ಲ. ಇಲ್ಲಿನ ಹುಡುಗರಿಗೆ ಆ ಮಟ್ಟದ ತಯಾರಿ ಎಲ್ಲಿದೆ ಎನ್ನುತ್ತಾರೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಕುಷ್ಟಗಿ, ಯಲಬುರ್ಗಾ ಎರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು. ಹಿಂದುಳಿಯಲು ಶಾಲೆ ಕಾಲೇಜುಗಳ ಕೊರತೆಯೂ ದೊಡ್ಡ ಕಾರಣ. ಹುಬ್ಬಳ್ಳಿಗೆ 1947ರಲ್ಲೇ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಬಂದಿತ್ತು. ಕೊಪ್ಪಳ ಜಿಲ್ಲೆಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬರಲು ಈ ಶತಮಾನವೇ ಬೇಕಾಯಿತು. ಆದರೆ ಬಂದಿದೆ. ಗಂಗಾವತಿಯಲ್ಲಿ ಒಂದು, ತಳಕಲ್‌ನಲ್ಲಿ ಒಂದು. ತಳಕಲ್ ಎಂದಾಗ ನಿಂತು ಯೋಚಿಸಬೇಕು. ಕುಷ್ಟಗಿ ಕಡೆಯ ಹೊಸ ಹಳಿ ಹಳೆಯ ಹುಬ್ಬಳ್ಳಿ ಹಳಿಯಿಂದ ಕವಲೊಡೆಯುವ ಊರು ಅದು. ಒಂದು ಕಡೆ ಗಿಣಿಗೇರಾದ ಕುಲುಮೆಗಳು, ಮಗ್ಗುಲಲ್ಲೇ ಭಾನಾಪುರ, ಅದೇ ಹಳಿಯ ಕೊನೆಯಲ್ಲಿ ದಕ್ಷಿಣ ಮರಾಠಾ ರೈಲ್ವೆ ಕಾಲದಿಂದ ನಡೆದುಬಂದಿರುವ ಹುಬ್ಬಳ್ಳಿಯ ಬೋಗಿ ದುರಸ್ತಿ ಕಾರ್ಯಾಗಾರ. ರೈಲು ಎಂಜಿನಿಯರಿಂಗ್ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗವನ್ನು ನಕ್ಷೆ ಹಿಡಿದು ಹುಡುಕಿದರೂ ಸಿಗದು. ಪ್ರಯೋಗಾಲಯ, ಖಾಯಂ ಬೋಧಕರು, ಉದ್ಯಮದ ನಂಟು ಹೊಸ ಕಾಲೇಜಿಗೆ ಒಂದೇ ವರ್ಷದಲ್ಲಿ ಬರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಹಾಗೆಂದು ಪ್ರತಿಯೊಂದು ಕಾಲೇಜೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಹುಡುಗರನ್ನು ಕಳಿಸುವ ಒಂದೇ ಕನಸು ಕಾಣುತ್ತ ಕೂತರೆ ಯಾವ ವಿದ್ಯೆಯಲ್ಲೂ ಮುಂದೆ ಬರುವುದಿಲ್ಲ. ಎರಕದ ವಿಧಾನ, ಬೆಸುಗೆಯ ಪರಿಶೀಲನೆ, ಒಡೆಯದೆ ಲೋಹ ಪರೀಕ್ಷಿಸುವ ವಿದ್ಯೆ, ಸಿಗ್ನಲ್ ವ್ಯವಸ್ಥೆ ಇಂಥ ಮೂರ್ನಾಲ್ಕು ವಿಷಯಗಳಲ್ಲಿ ತಳಕಲ್ ಗಟ್ಟಿಯಾದರೆ ಸಾಕು, ಕಂಪನಿಗಳೇ ಹುಡುಕಿಕೊಂಡು ಬರುತ್ತವೆ.

ಕಲಿತವರು ಹೇಗೂ ಬೆಂಗಳೂರಿಗೆ ಹೋಗಿ ಸಂಬಳ ತರುತ್ತಾರಲ್ಲ, ಕೆಲಸ ಇಲ್ಲೇ ಬರಬೇಕೆಂಬ ಹಟ ಏಕೆ ಎಂದು ಇನ್ನು ಕೆಲವರು ಕೇಳುತ್ತಾರೆ. ಪದವಿ ಮುಗಿಸಿದ ಹುಡುಗ ಹೋಗಬಲ್ಲ. ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗಿಗೆ ಅಲ್ಲಿನ ಬಾಡಿಗೆ ಕಟ್ಟಿ ಮನೆಗೆ ಹಣ ಕಳಿಸುವಷ್ಟು ಸಂಬಳ ಸಿಗುವುದಿಲ್ಲ. ಎಷ್ಟೋ ಮನೆಯವರು ಕಳಿಸುವುದೂ ಇಲ್ಲ. ಒಂದು ಊರಿನಲ್ಲಿ ಐವತ್ತು ಎಂಜಿನಿಯರುಗಳ ಕಚೇರಿ ನಿಂತರೆ ಅದರ ಬೆನ್ನಿಗೆ ಮಾದರಿ ಮಾಡುವವರು, ಯಂತ್ರದಲ್ಲಿ ಕೊರೆಯುವವರು, ಅಳತೆ ತೆಗೆಯುವವರು, ಉಪಕರಣ ದುರಸ್ತಿ ಮಾಡುವವರು ಬೇಕಾಗುತ್ತಾರೆ. ಹತ್ತು ವರ್ಷ ಅಲ್ಲಿ ದುಡಿದವನೊಬ್ಬ ಹೊರಬಿದ್ದು ತನ್ನದೇ ಶೆಡ್ಡು ಹಾಕುತ್ತಾನೆ. ಬೆಳಗಾವಿ, ಕೊಯಮತ್ತೂರು, ಕೊಲ್ಹಾಪುರ ಬೆಳೆದದ್ದು ಹೀಗೆ. ಊರಿಗೆ ಮನಿಯಾರ್ಡರ್ ಬರುವುದಕ್ಕೂ ಊರಲ್ಲೇ ಉದ್ಯಮ ಹುಟ್ಟುವುದಕ್ಕೂ ಬಹಳ ಅಂತರವಿದೆ.

ಪರಿಸರದ ಪ್ರಶ್ನೆಯನ್ನು ಕೊಪ್ಪಳದಲ್ಲಿ ಯಾರೂ ಪಕ್ಕಕ್ಕಿಟ್ಟು ಮಾತಾಡುವಂತಿಲ್ಲ. ಬಲ್ಡೋಟ ಕಂಪನಿಯ 54,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆ ವಿರೋಧಿಸಿ 2025ರ ಫೆಬ್ರುವರಿ 24ರಂದು ಊರು ಬಂದ್ ಆಯಿತು. ಗವಿಮಠದ ಸ್ವಾಮೀಜಿಯವರೇ ಬೀದಿಗೆ ಬಂದು ಮಾತಾಡಿದರು. ಬೆಳೆಯ ಮೇಲೆ ಕಪ್ಪು ಬೂದಿ ಕೂರುವುದನ್ನು, ಮಕ್ಕಳು ಕೆಮ್ಮುವುದನ್ನು ಕಂಡ ಜನ ಉದ್ಯೋಗದ ಹೆಸರಿನಲ್ಲಿ ಇನ್ನೊಂದು ಊದುಕುಲುಮೆ ಬೇಡವೆಂದರೆ ಅವರನ್ನು ಅಭಿವೃದ್ಧಿ ವಿರೋಧಿಗಳೆಂದು ಕರೆಯುವುದು ತಪ್ಪು. ನನ್ನ ವಾದಕ್ಕೆ ಅವರ ಹೋರಾಟವೇ ಬಲ ಕೊಡುತ್ತದೆ. ಈಗಿರುವ ಕಬ್ಬಿಣಕ್ಕೇ ಹೆಚ್ಚು ಬುದ್ಧಿ, ಹೆಚ್ಚು ಕೆಲಸ ಸೇರಿಸಿದರೆ ಟನ್ನಿನ ಲೆಕ್ಕ ಏರಿಸದೆಯೇ ಸಂಬಳದ ಲೆಕ್ಕ ಏರಿಸಬಹುದು. ಪರೀಕ್ಷಾ ಕೇಂದ್ರಕ್ಕೆ, ವಿನ್ಯಾಸ ಕಚೇರಿಗೆ ನದಿಯ ನೀರು ಬೇಡ, ಸಾವಿರ ಎಕರೆಯೂ ಬೇಡ. ಎರಕಕ್ಕೂ ಹೊಗೆ ಬರುತ್ತದೆ, ಅದು ನಿಜ. ಆದರೆ ರೈಲಿನ ಅನುಮೋದನೆ ಬೇಕೆಂದರೆ ಕಾರ್ಖಾನೆ ತನ್ನ ಪ್ರಕ್ರಿಯೆಯನ್ನು ಅಳೆದು, ದಾಖಲಿಸಿ, ಹೊರಗಿನವರ ಕಣ್ಣಿಗೆ ತೆರೆದಿಡಬೇಕಾಗುತ್ತದೆ. ಅಳೆಯುವ ಅಭ್ಯಾಸ ಚಿಮಣಿಯವರೆಗೂ ಹೋಗಲಿ ಎಂದು ಒತ್ತಾಯಿಸುವುದು ಆಗ ಸುಲಭ.

ಇನ್ನು ಸ್ಥಳೀಯರಿಗೆ ಮೀಸಲಾತಿ. 371ಜೆ ಕಲಂ ಈ ಭಾಗದ ಮಕ್ಕಳಿಗೆ ಕಾಲೇಜು ಸೀಟು, ರಾಜ್ಯ ಸರ್ಕಾರದ ನೌಕರಿ ಕೊಟ್ಟಿದೆ. ಎಷ್ಟೋ ಮನೆಗಳಲ್ಲಿ ಮೊದಲ ವೈದ್ಯ, ಮೊದಲ ಎಂಜಿನಿಯರು ಅದರಿಂದಲೇ ಆಗಿದ್ದಾರೆ. ಆದರೆ ಅದು ರೈಲ್ವೆಗೂ ಖಾಸಗಿ ಕಂಪನಿಗೂ ಅನ್ವಯಿಸುವುದಿಲ್ಲ. 2024ರ ಜುಲೈನಲ್ಲಿ ಖಾಸಗಿ ಉದ್ಯಮದ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿ, ಉದ್ಯಮಿಗಳ ವಿರೋಧ ಬಂದ ಕೂಡಲೇ ತಡೆಹಿಡಿಯಿತು. ಆ ಮಸೂದೆ ಮತ್ತೆ ಬರುವವರೆಗೆ ಕಾಯಬೇಕಿಲ್ಲ, ಏಕೆಂದರೆ ಕೈಯಲ್ಲೇ ಒಂದು ಕಾನೂನಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು; ಗುತ್ತಿಗೆ ಕಾರ್ಮಿಕರೂ ಆ ಲೆಕ್ಕಕ್ಕೆ ಸೇರುತ್ತಾರೆ. ಪದವೀಧರ, ಡಿಪ್ಲೊಮಾ, ಐಟಿಐ ಮೂರೂ ಬಗೆಯವರಿಗೆ ಅವಕಾಶವಿದೆ. ಕೊಪ್ಪಳದ ಕಬ್ಬಿಣ ಕಾರ್ಖಾನೆಗಳು ವರ್ಷಕ್ಕೆ ಎಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತಿವೆ, ಅವರಲ್ಲಿ ಎಷ್ಟು ಮಂದಿ ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು, ಅವರನ್ನು ಕುಲುಮೆಯ ಮುಂದೆ ನಿಲ್ಲಿಸುತ್ತಾರೋ ಪ್ರಯೋಗಾಲಯದಲ್ಲೂ ಕೂರಿಸುತ್ತಾರೋ ಎಂಬ ಪಟ್ಟಿಯನ್ನು ಜಿಲ್ಲಾಡಳಿತ ಪ್ರತಿವರ್ಷ ಹೊರಹಾಕಲಿ. ಶಾಸಕರು, ಸಂಸದರು ರೈಲ್ವೆ ಮಂತ್ರಿಗೆ ಕೊಡುವ ಮುಂದಿನ ಮನವಿಪತ್ರದಲ್ಲಿ ತಳಕಲ್‌ಗೆ ಆರ್‌ಡಿಎಸ್‌ಒ ಮಾನ್ಯತೆಯ ಒಂದು ಲೋಹ ಪರೀಕ್ಷಾ ಪ್ರಯೋಗಾಲಯ, ಹುಬ್ಬಳ್ಳಿ ಕಾರ್ಯಾಗಾರದಲ್ಲಿ ಇಲ್ಲಿನ ವಿದ್ಯಾರ್ಥಿಗಳಿಗೆ ಪ್ರತಿ ಸೆಮಿಸ್ಟರಿನ ತರಬೇತಿ, ಬೆಂಗಳೂರಿನ ಬಿಇಎಂಎಲ್‌ನಿಂದ ಪಾಠ ಹೇಳಲು ಬರುವ ಇಬ್ಬರು ಮೂವರು ಎಂಜಿನಿಯರುಗಳು, ಈ ಮೂರನ್ನು ಬರೆಯಲಿ. ಬೋಗಿ ಕಾರ್ಖಾನೆಯೊಂದರ ಖರ್ಚಿಗೆ ಹೋಲಿಸಿದರೆ ಇವಕ್ಕೆ ತಗಲುವುದು ಚಿಲ್ಲರೆ ಹಣ, ಭೂಸ್ವಾಧೀನದ ಜಗಳವೂ ಇಲ್ಲ. ಬೆಳಿಗ್ಗೆ ಕುಷ್ಟಗಿಯಲ್ಲಿ ರೈಲು ಹತ್ತಿದ ವಿದ್ಯಾರ್ಥಿನಿ ತಳಕಲ್‌ನಲ್ಲಿ ಇಳಿದು ಲ್ಯಾಬಿಗೆ ಹೋಗಿ, ಸಂಜೆ ಅದೇ ಹಳಿಯಲ್ಲಿ ಮನೆಗೆ ಮರಳುವಂತೆ ವೇಳಾಪಟ್ಟಿ ಹೊಂದಿಸುವುದನ್ನು ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗ ಯಾವ ಬಜೆಟ್ಟಿಗೂ ಕಾಯದೆ ಮಾಡಬಹುದು.